ತಿರುಗಾಟದ ಐಸ್ ಹಾಕಿ ಆಟಗಾರ: ಎಲ್ಲರೂ ಕೇಳುವ ಪ್ರಶ್ನೆಗಳು

ನಾನು ಉಡುಪಿ ಕಡೆಯವನು. ಜರ್ಮನಿಯ ದಕ್ಷಿಣದ ಒಂದು ಸಣ್ಣ ಊರಿನಲ್ಲಿ ಕೆಲಸಕ್ಕಿದ್ದೇನೆ. ಊರು ಚಿಕ್ಕದಾದರೂ ಎರಡನೇ ದರ್ಜೆಯ ಐಸ್ ಹಾಕಿ ತಂಡ ಒಂದಿದೆ. ಆ ತಂಡದ ಕೆನಡಾ ಆಟಗಾರನೊಬ್ಬ ಎರಡು ಚಳಿಗಾಲ ನಮ್ಮ ಮೇಲಿನ ಮನೆಯಲ್ಲಿದ್ದ. ರಜೆಗೆ ಊರಿಗೆ ಹೋದಾಗ, ಇಲ್ಲಿನ ಕನ್ನಡದವರ ಮನೆಗೆ ಊಟಕ್ಕೆ ಹೋದಾಗ, ಫೋನಿನಲ್ಲಿ, ಪತ್ರದಲ್ಲಿ, ಅವನ ಸುದ್ದಿ ಬಂದರೆ ಸಾಕು, ಅವೇ ಪ್ರಶ್ನೆಗಳು. ಹೇಳಿ ಹೇಳಿ ಬಾಯಿ ನೋವು ಬಂತು. ಅದಕ್ಕೆ ಬರೆದಿಟ್ಟಿದ್ದೇನೆ.

## ಏನೂ ಗೊತ್ತಿಲ್ಲದವರಿಗೆ

ಹಾಕಿ ಅಂದ್ರೆ ಕೊಡಗಿನವರು ಆಡೋ ಹಾಕಿನೇ ಅಲ್ವಾ? ಅದನ್ನೇ ಐಸ್ ಮೇಲೆ ಆಡ್ತಾರಾ?

ಹೆಸರು ಒಂದೇ, ಆಟ ಬೇರೆ. ಇಲ್ಲಿ ಚೆಂಡಿಲ್ಲ. ಪಕ್ ಅಂತ ಸುಮಾರು 170 ಗ್ರಾಂ ತೂಗುವ ಗಟ್ಟಿ ರಬ್ಬರ್ ಬಿಲ್ಲೆ ಇರುತ್ತದೆ. ಕಾಲಿಗೆ ಸ್ಕೇಟ್, ಸುತ್ತ ಗೋಡೆಯಂಥ ಬೋರ್ಡು. ಒಂದು ತಂಡದಿಂದ ಗೋಲ್‌ಕೀಪರ್ ಸೇರಿ ಆರೇ ಜನ ಒಳಗಿರುತ್ತಾರೆ. 20 ನಿಮಿಷದ ಮೂರು ಭಾಗ. ಒಬ್ಬ ಆಟಗಾರ ಒಳಗೆ ಹಾರಿ ಮುಕ್ಕಾಲು ನಿಮಿಷ ಪ್ರಾಣ ಬಿಟ್ಟು ಓಡಿ, ಮತ್ತೆ ಬೆಂಚಿಗೆ ಬಂದು ಕೂತು ಏದುಸಿರು ಬಿಡುತ್ತಾನೆ. ಅಷ್ಟರಲ್ಲಿ ಇನ್ನೊಬ್ಬ ಹಾರಿರುತ್ತಾನೆ. ಮೊದಲ ಸಲ ನೋಡಿದಾಗ ನನಗೆ ಪಕ್ ಕಾಣಿಸಲೇ ಇಲ್ಲ. ಜನ ಎದ್ದು ಕೂಗಿದಾಗ ಗೋಲು ಅಂತ ತಿಳಿದುಕೊಂಡೆ.

ಇಂಥ ಆಟಗಾರನನ್ನ ಇಂಗ್ಲಿಷಿನಲ್ಲಿ ‘ಜರ್ನಿಮನ್’ ಅಂತಾರಲ್ಲ, ಸದಾ ಜರ್ನಿ ಮಾಡ್ತಿರೋನು ಅಂತಲಾ?

ನಾನೂ ಹಾಗೇ ಅಂದುಕೊಂಡಿದ್ದೆ. ಆ ಪದದ ಬೇರು ಪ್ರಯಾಣವಲ್ಲ, ‘ಒಂದು ದಿನದ ಕೆಲಸ’. ಕಸುಬು ಕಲಿತು ಮುಗಿದಿದೆ, ಸ್ವಂತ ಅಂಗಡಿ ಇಲ್ಲ, ದಿನಗೂಲಿಗೆ ಇನ್ನೊಬ್ಬರ ಹತ್ತಿರ ದುಡಿಯುತ್ತಾನೆ, ಅವನೇ ಜರ್ನಿಮನ್. ಆದರೆ ಜರ್ಮನಿಯಲ್ಲಿ ಅಂಥ ಕಸುಬುದಾರರು ನಿಜಕ್ಕೂ ಊರೂರು ಅಲೆಯುವ ಪದ್ಧತಿ ಇವತ್ತಿಗೂ ಇದೆ. ಕಪ್ಪು ಬಟ್ಟೆ, ದೊಡ್ಡ ಟೋಪಿ ಹಾಕಿಕೊಂಡ ಬಡಗಿ ಹುಡುಗರು ಮೂರು ವರ್ಷ ಒಂದು ದಿನ ಮನೆ ಕಡೆ ತಲೆ ಹಾಕದೆ ತಿರುಗುತ್ತಾರೆ.

ಆಟದಲ್ಲಿ ಈ ಪದ ಬಳಸುವುದು ಸ್ಟಾರ್ ಅಲ್ಲದ, ಹಾಗಂತ ಕಳಪೆಯೂ ಅಲ್ಲದ ಆಟಗಾರನಿಗೆ. ತಂಡದಿಂದ ತಂಡಕ್ಕೆ, ದೇಶದಿಂದ ದೇಶಕ್ಕೆ ಹೋಗುತ್ತಲೇ ಹತ್ತು ಹದಿನೈದು ವರ್ಷ ಸಂಪಾದನೆ ಮಾಡುವವನಿಗೆ. ನಮ್ಮ ಕಡೆಯವರಿಗೆ ನಾನು ಹೇಳುವುದು ಹೀಗೆ: ಮೇಳ ಬಿಟ್ಟು ಮೇಳ ಸೇರುವ ಯಕ್ಷಗಾನದ ವೇಷಧಾರಿ ಇದ್ದ ಹಾಗೆ. ದೀಪಾವಳಿ ಕಳೆದು ಗೆಜ್ಜೆ ಕಟ್ಟಿದರೆ ಪತ್ತನಾಜೆಗೆ, ಅಂದರೆ ಮೇ ಕೊನೆಗೆ, ಬಿಚ್ಚುವುದು. ಮುಂದಿನ ತಿರುಗಾಟಕ್ಕೆ ಯಾವ ಮೇಳ ಅಂತ ಮಳೆಗಾಲದಲ್ಲಿ ತೀರ್ಮಾನ. ಹಾಕಿಯವರ ಕ್ಯಾಲೆಂಡರ್ ಕೂಡ ಹೆಚ್ಚು ಕಡಿಮೆ ಇದೇ. ಆಗಸ್ಟಿನಲ್ಲಿ ತಯಾರಿ, ಏಪ್ರಿಲ್ ಹೊತ್ತಿಗೆ ಮುಕ್ತಾಯ, ಬೇಸಿಗೆಯಲ್ಲಿ ಫೋನಿಗೆ ಕಾಯುವುದು. ಹಾಗಾಗಿ ನಾನು ‘ತಿರುಗಾಟದ ಆಟಗಾರ’ ಅಂತಲೇ ಬರೆಯುತ್ತೇನೆ.

ಕೆನಡಾದಲ್ಲೇ ಅಷ್ಟೊಂದು ಹಾಕಿ ಇರುವಾಗ ಇಲ್ಲಿಗ್ಯಾಕೆ ಬರ್ತಾರೆ?

ಲೆಕ್ಕ ಹಾಕಿ. ಜಗತ್ತಿನ ಅತಿ ದೊಡ್ಡ ಲೀಗ್ ಅಮೆರಿಕ, ಕೆನಡಾ ಎರಡೂ ಕಡೆಯ ತಂಡಗಳಿರುವ ಎನ್‌ಎಚ್‌ಎಲ್. ಅದರಲ್ಲಿ 32 ತಂಡ, ಒಂದೊಂದರಲ್ಲಿ 23 ಜನ. ಒಟ್ಟು 736 ಜಾಗ. ಅದಕ್ಕೆ ಕೆನಡಾ, ಅಮೆರಿಕ ಮಾತ್ರ ಅಲ್ಲ, ಸ್ವೀಡನ್, ಫಿನ್ಲೆಂಡ್, ರಷ್ಯಾ, ಜೆಕ್ ಎಲ್ಲ ಕಡೆಯಿಂದ ಪೈಪೋಟಿ. ಅದರ ಕೆಳಗೆ ಎಎಚ್‌ಎಲ್, ಅಲ್ಲೂ 32 ತಂಡ. ಅದಕ್ಕೂ ಕೆಳಗೆ ಇಸಿಎಚ್‌ಎಲ್, 1988ರಲ್ಲಿ ಐದೇ ತಂಡದಿಂದ ಶುರುವಾದದ್ದು.

ಎಎಚ್‌ಎಲ್‌ನಲ್ಲಿ 25 ವಯಸ್ಸು ದಾಟಿದವನಿಗೆ ಒಂದು ವಿಷಯ ಅರ್ಥವಾಗಿರುತ್ತದೆ. ಮೇಲಿಂದ ಕರೆ ಬರುವುದಿದ್ದರೆ ಇಷ್ಟರಲ್ಲಿ ಬರುತ್ತಿತ್ತು. ಈಗ ಅವನ ಜಾಗಕ್ಕೆ 20ರ ಹುಡುಗರು ಬರುತ್ತಿದ್ದಾರೆ. ಕೆಳಗಿನ ಲೀಗಿನಲ್ಲಿ ಬಸ್ಸಿನಲ್ಲೇ ಮಲಗಿ ವಾರದ ಕೂಲಿ ಎಣಿಸುವುದಾ, ಅಥವಾ ಯುರೋಪಿನಲ್ಲಿ ಮನೆ, ಕಾರು, ಮೊದಲ ಸಾಲಿನ ಆಟಗಾರ ಅನ್ನೋ ಮರ್ಯಾದೆ ತೆಗೆದುಕೊಳ್ಳುವುದಾ? ನಮ್ಮ ಮೇಲಿನ ಮನೆಯವನು ಎರಡನೆಯದನ್ನು ಆರಿಸಿದ. ‘ಸೋತು ಬಂದೆಯಾ?’ ಅಂತ ಒಮ್ಮೆ ಕೇಳಿಬಿಟ್ಟೆ, ಬಾಯಿ ತಪ್ಪಿ. ‘ಇಲ್ಲ, ಕೆಲಸ ಹುಡುಕಿಕೊಂಡು ಬಂದೆ. ನೀನೂ ಅದಕ್ಕೇ ಬಂದದ್ದಲ್ವಾ?’ ಅಂದ. ಸುಮ್ಮನಾದೆ.

ಯಾವ್ಯಾವ ದೇಶದಲ್ಲಿ ಕೆಲಸ ಸಿಗುತ್ತೆ?

ದುಡ್ಡು ಮತ್ತು ಆಟದ ಮಟ್ಟ ಎರಡರಲ್ಲೂ ಮೇಲಿರುವುದು ಸ್ವಿಟ್ಜರ್ಲೆಂಡ್, ಸ್ವೀಡನ್, ಫಿನ್ಲೆಂಡ್. ರಷ್ಯಾ ಕೇಂದ್ರದ ಕೆಎಚ್‌ಎಲ್ 2008ರಲ್ಲಿ ಶುರುವಾಯಿತು, ಸಂಬಳ ಧಾರಾಳ. ಜರ್ಮನಿಯ ಮೊದಲ ದರ್ಜೆ ಲೀಗ್ ಡಿಇಎಲ್. ಅದರಲ್ಲಿ 14 ತಂಡ, ಕೊನೆಗೆ ಚಾಂಪಿಯನ್ ಯಾರೆಂದು ತೀರ್ಮಾನಿಸುವ ಪ್ಲೇಆಫ್ ಸುತ್ತು ಬಿಟ್ಟು 52 ಪಂದ್ಯ. ಆಸ್ಟ್ರಿಯಾ ಲೀಗಿನಲ್ಲಿ ಇಟಲಿ, ಹಂಗೇರಿ, ಸ್ಲೊವೇನಿಯಾದ ತಂಡಗಳೂ ಆಡುತ್ತವೆ. ಬ್ರಿಟನ್ನಿನಲ್ಲಿ ಹತ್ತು ತಂಡಗಳ ಎಲೀಟ್ ಲೀಗ್. ಪೂರ್ವಕ್ಕೆ ಹೋದರೆ ಜಪಾನ್, ದಕ್ಷಿಣ ಕೊರಿಯಾ ತಂಡಗಳು ಕೂಡಿ ಆಡುವ ಏಷ್ಯಾ ಲೀಗ್, 2003ರಿಂದ.

## ದುಡ್ಡು ಮತ್ತು ಕಾಗದಪತ್ರ

ಸಂಬಳ ಎಷ್ಟು? ಕೋಟಿಗಟ್ಟಲೆ ಬರುತ್ತಾ?

ಎನ್‌ಎಚ್‌ಎಲ್‌ನಲ್ಲಿ ಬರುತ್ತದೆ. ಅಲ್ಲಿ 2025-26ರಲ್ಲಿ ಕನಿಷ್ಠ ಸಂಬಳವೇ ವರ್ಷಕ್ಕೆ 7,75,000 ಡಾಲರ್. ಎರಡು ಮೆಟ್ಟಿಲು ಕೆಳಗಿಳಿದು ಇಸಿಎಚ್‌ಎಲ್‌ಗೆ ಬಂದರೆ ಸಂಬಳ ವಾರದ ಲೆಕ್ಕ, ಕೆಲವು ನೂರು ಡಾಲರ್. ಮನೆ ತಂಡದ್ದು. ಒಂದೇ ಆಟ, ಅದೇ ಸ್ಕೇಟ್!

ಯುರೋಪಿನಲ್ಲಿ ಮಾತುಕತೆ ಬೇರೆ ಥರ. ಇಲ್ಲಿ ವಿದೇಶಿ ಆಟಗಾರ ಕೇಳುವುದು ‘ತೆರಿಗೆ ಕಳೆದು ಕೈಗೆ ಎಷ್ಟು’ ಅಂತ. ಅದರ ಮೇಲೆ ಪೀಠೋಪಕರಣ ಇರುವ ಮನೆ, ಕಾರು, ಬಂದು ಹೋಗುವ ವಿಮಾನದ ಟಿಕೆಟ್. ಹೆಂಡತಿ ಮಕ್ಕಳಿದ್ದರೆ ಅವರದ್ದೂ. ಕಾರಿನ ಎರಡೂ ಬದಿ ಪ್ರಾಯೋಜಕರ ಸ್ಟಿಕರ್, ಬಾಗಿಲ ಮೇಲೆ ಆಟಗಾರನ ಹೆಸರು. ನಮ್ಮವನ ಕಾರಿನ ಮೇಲೆ ಒಂದು ಕಿಟಕಿ ಕಂಪನಿಯ ಜಾಹೀರಾತಿತ್ತು. ಸೂಪರ್‌ಮಾರ್ಕೆಟ್ ಮುಂದೆ ಅಡ್ಡಾದಿಡ್ಡಿ ನಿಲ್ಲಿಸಿದರೆ ಊರಿಗೆಲ್ಲ ಗೊತ್ತಾಗುತ್ತಿತ್ತು.

ಮರೆಯಬಾರದ ವಿಷಯ ಅಂದರೆ, ಸಂಬಳ ಸಾಮಾನ್ಯವಾಗಿ ಸೀಸನ್‌ನ ಎಂಟು ಒಂಬತ್ತು ತಿಂಗಳದ್ದು. ಬೇಸಿಗೆ ಪೂರ್ತಿ ಸ್ವಂತ ಖರ್ಚು. ಅವನು ಊರಿಗೆ ಹೋಗಿ ಅಣ್ಣನ ಜೊತೆ ಮನೆಗಳಿಗೆ ಹೆಂಚು ಹೊದಿಸುವ ಕೆಲಸ ಮಾಡುತ್ತಿದ್ದ.

ಕಾಂಟ್ರಾಕ್ಟ್ ಎಷ್ಟು ವರ್ಷದ್ದು? ನಡುವೆ ತೆಗೆದು ಹಾಕಬಹುದಾ?

ಹೆಚ್ಚಿನವರದು ಒಂದೇ ಸೀಸನ್. ಒಳ್ಳೆಯ ಹೆಸರಿದ್ದರೆ ಎರಡು. ಗಾಯಾಳು ಜಾಗಕ್ಕೆ ಬಂದವನಾದರೆ ಒಂದು ತಿಂಗಳ ಟ್ರೈಔಟ್, ಆಡಿಸಿ ನೋಡುವುದು, ಅಷ್ಟೇ. ‘ಪರಸ್ಪರ ಒಪ್ಪಿಗೆಯಿಂದ ಬೇರೆಯಾದೆವು’ ಅನ್ನುವ ವಾಕ್ಯ ಪತ್ರಿಕೆಯಲ್ಲಿ ಬಂದರೆ ಅರ್ಥ, ಒಬ್ಬರಿಗೆ ಒಪ್ಪಿಗೆ ಇತ್ತು, ಇನ್ನೊಬ್ಬರಿಗೆ ಬೇರೆ ದಾರಿ ಇರಲಿಲ್ಲ. ನಮ್ಮವನಿಗೆ ಇಲ್ಲಿಗೆ ಬರುವ ಮುಂಚೆ ಬೇರೊಂದು ದೇಶದ ಕ್ಲಬ್ಬಿನಲ್ಲಿ ಹೀಗಾಗಿತ್ತು. ಹೆಸರು ಬೇಡ. ಡಿಸೆಂಬರ್‌ನಲ್ಲಿ, ಬಸ್ಸು ಹೊರಡುವ ಅರ್ಧ ಗಂಟೆ ಮುಂಚೆ, ಬ್ಯಾಗು ಇಳಿಸಿಕೋ ಅಂದರಂತೆ. ಎರಡು ತಿಂಗಳ ಬಾಕಿ ಕೈಸೇರಲು ಬೇಸಿಗೆ ಬಂತು.

ದೇಶ ಬದಲಿಸುವಾಗ ಅಂತರರಾಷ್ಟ್ರೀಯ ಫೆಡರೇಷನ್‌ನ ವರ್ಗಾವಣೆ ಕಾರ್ಡ್ ಬೇಕು. ಅದಿಲ್ಲದೆ ಪಂದ್ಯ ಆಡುವ ಹಾಗಿಲ್ಲ. ಚಳಿಗಾಲದ ಕೊನೆಗೆ ವರ್ಗಾವಣೆಯ ಅವಧಿಯೂ ಮುಗಿಯುತ್ತದೆ. ಆಮೇಲೆ ಕೆಲಸ ಕಳೆದುಕೊಂಡವನ ಕಥೆ ಆ ವರ್ಷಕ್ಕೆ ಮುಗಿಯಿತು.

ವಿದೇಶಿ ಆಟಗಾರರನ್ನ ‘ಇಂಪೋರ್ಟ್’ ಅಂತ ಕರೀತಾರಂತೆ, ಏನೋ ಸಾಮಾನು ತರಿಸಿದ ಹಾಗೆ?

ಹೌದು, ಹಾಗೇ ಕರೆಯುತ್ತಾರೆ, ಅವರಿಗೂ ಅದು ಅಭ್ಯಾಸ. ಈ ಕಸುಬಿನ ಮುಖ್ಯ ಗುಟ್ಟು ಇರುವುದೇ ಈ ಪದದಲ್ಲಿ. ಪ್ರತಿ ಲೀಗ್ ಇಷ್ಟು ಜನ ವಿದೇಶಿಯರು ಅಂತ ಮಿತಿ ಇಡುತ್ತದೆ. ಡಿಇಎಲ್‌ನಲ್ಲಿ ಒಂದು ಪಂದ್ಯಕ್ಕೆ 9, ಅದರ ಕೆಳಗಿನ ದರ್ಜೆಯಲ್ಲಿ 4. ಸ್ವಿಟ್ಜರ್ಲೆಂಡಿನಲ್ಲಿ ಮೊದಲು 4 ಇತ್ತು, 2022-23ರಿಂದ 6.

ಈಗ ಯೋಚನೆ ಮಾಡಿ. ನಾಲ್ಕೇ ಸೀಟು. ಆ ಸೀಟಿನಲ್ಲಿ ಕೂತವನನ್ನು ಕ್ಲಬ್ಬಿನವರು ಜರ್ಮನ್ ಹುಡುಗರ ಜೊತೆ ಹೋಲಿಸುವುದಿಲ್ಲ. ಹೋಲಿಸುವುದು ಜಗತ್ತಿನಲ್ಲಿ ಎಲ್ಲೋ ಖಾಲಿ ಕೂತಿರುವ ಇನ್ನೊಬ್ಬ ಕೆನಡಾದವನ ಜೊತೆ, ಫಿನ್ಲೆಂಡಿನವನ ಜೊತೆ. ಜರ್ಮನ್ ಹುಡುಗ ಹತ್ತು ಪಂದ್ಯ ಗೋಲು ಹೊಡೆಯದಿದ್ದರೆ ‘ಕಲಿಯುತ್ತಿದ್ದಾನೆ’. ಇಂಪೋರ್ಟ್ ಹೊಡೆಯದಿದ್ದರೆ ‘ದುಡ್ಡು ದಂಡ’. ಇವರು ಗಾಯ ಮುಚ್ಚಿಟ್ಟು ಆಡುವುದಕ್ಕೆ ಇದೇ ಕಾರಣ ಅಂತ ನನ್ನ ಲೆಕ್ಕ. ನಮ್ಮವನು ಮಣಿಕಟ್ಟು ಊದಿಕೊಂಡು ಮೂರು ವಾರ ಆಡಿದ. ಮನೆಯಲ್ಲಿ ಡಬ್ಬಿ ಮುಚ್ಚಳ ತೆಗೆಯಲು ನಮ್ಮ ಬಾಗಿಲು ತಟ್ಟುತ್ತಿದ್ದ.

ಈ ಮಿತಿಗೊಂದು ಇತಿಹಾಸ ಇದೆ. 1995ರಲ್ಲಿ ಬೆಲ್ಜಿಯಂ ಫುಟ್‌ಬಾಲ್ ಆಟಗಾರ ಬೋಸ್ಮನ್ ಹೂಡಿದ ಕೇಸಿನಲ್ಲಿ ಯುರೋಪಿನ ನ್ಯಾಯಾಲಯ ತೀರ್ಪು ಕೊಟ್ಟಿತು. ಯುರೋಪ್ ಒಕ್ಕೂಟದ ಪ್ರಜೆಗಳ ಮೇಲೆ ಕೋಟಾ ಹಾಕಬಾರದು ಅಂತ. ಆಮೇಲೆ ಅಜ್ಜನ ಕಡೆಯಿಂದಲೋ ಅಜ್ಜಿಯ ಕಡೆಯಿಂದಲೋ ಯುರೋಪಿನ ಪಾಸ್‌ಪೋರ್ಟ್ ಸಿಗುವ ಕೆನಡಾದವರಿಗೆ ಸುಗ್ಗಿ. ಜರ್ಮನಿಯ ತಂಡಗಳಲ್ಲಿ ಜರ್ಮನ್ನರನ್ನು ಹುಡುಕಬೇಕಾಯಿತು. ಲೀಗಿನವರು ನಿಧಾನಕ್ಕೆ ವಿದೇಶಿಯರ ಸಂಖ್ಯೆ ಇಳಿಸಿಕೊಂಡು ಬಂದರು. ಇವತ್ತಿಗೂ ಏಜೆಂಟರು ಹೊಸ ಆಟಗಾರನನ್ನು ಮೊದಲು ಕೇಳುವುದು ‘ಅಜ್ಜಿ ಯಾವ ಊರಿನವರು?’ ಅಂತ.

ಕ್ಲಬ್ಬೇ ಮುಚ್ಚಿಹೋದ್ರೆ?

ಹೋಗುತ್ತವೆ. ಹ್ಯಾಂಬರ್ಗ್ ಫ್ರೀಜರ್ಸ್ ತಂಡ 2016ರ ಮೇ ತಿಂಗಳಲ್ಲಿ ಮಾಲೀಕರು ಕೈಬಿಟ್ಟ ಕೂಡಲೇ ಇಲ್ಲವಾಯಿತು. ಕ್ರೊಯೇಷಿಯಾದ ಮೆಡ್ವೆಷ್ಚಾಕ್ ಜಾಗ್ರೆಬ್ 2019ರ ಜನವರಿಯಲ್ಲಿ ಸೀಸನ್ ನಡುವೆಯೇ ಆಸ್ಟ್ರಿಯಾ ಲೀಗಿನಿಂದ ಹೊರಬಿತ್ತು. 2022ರ ಫೆಬ್ರವರಿಯಲ್ಲಿ ರಷ್ಯಾ ಉಕ್ರೇನ್ ಮೇಲೆ ದಾಳಿ ಮಾಡಿದಾಗ ಫಿನ್ಲೆಂಡಿನ ಯೊಕೆರಿಟ್ ಕೆಎಚ್‌ಎಲ್ ಬಿಟ್ಟಿತು. ಎಷ್ಟೋ ವಿದೇಶಿಯರು ಗಂಟುಮೂಟೆ ಕಟ್ಟಿದರು. ಅಂಥ ವಾರಗಳಲ್ಲಿ ಏಜೆಂಟರ ಫೋನ್ ತಣ್ಣಗಾಗುವುದೇ ಇಲ್ಲವಂತೆ.

## ದಿನದ ಬದುಕು

ಪಂದ್ಯ ಇರೋದು ವಾರಕ್ಕೆ ಎರಡು. ಉಳಿದ ದಿನ ಏನ್ಮಾಡ್ತಾರೆ, ಮಲಗ್ತಾರಾ?

ಮಲಗುತ್ತಾರೆ, ಅದು ಕೆಲಸದ ಭಾಗ. ಜರ್ಮನಿಯಲ್ಲಿ ಪಂದ್ಯ ಹೆಚ್ಚಾಗಿ ಶುಕ್ರವಾರ, ಭಾನುವಾರ. ಪಂದ್ಯದ ದಿನ ಬೆಳಿಗ್ಗೆ ಹಗುರವಾಗಿ ಅಭ್ಯಾಸ, ಮಧ್ಯಾಹ್ನ ಪಾಸ್ತಾ ಮತ್ತು ಕೋಳಿ, ಆಮೇಲೆ ನಿದ್ದೆ. ಆ ಹೊತ್ತಿಗೆ ನಮ್ಮ ಮನೆಯಲ್ಲಿ ಮಿಕ್ಸಿ ಹಾಕಬಾರದು ಅಂತ ಒಪ್ಪಂದ ಆಗಿತ್ತು. ಉಳಿದ ದಿನ ಬೆಳಿಗ್ಗೆ ಐಸ್ ಮೇಲೆ, ಆಮೇಲೆ ಜಿಮ್, ವಿಡಿಯೊ ನೋಡುವುದು. ಮಧ್ಯಾಹ್ನದ ಮೇಲೆ ಖಾಲಿ. ಈ ಖಾಲಿ ಹೊತ್ತೇ ಕಷ್ಟ ಅನ್ನುತ್ತಿದ್ದ.

ಗುರುವಾರ ಸಂಜೆ ಅವನು ಬಾಲ್ಕನಿಯಲ್ಲಿ ಕೂತು ಸ್ಟಿಕ್ ತಯಾರು ಮಾಡುವುದನ್ನು ನಾನು ಬೇಕೆಂದೇ ನೋಡುತ್ತಿದ್ದೆ. ಹೊಸ ಕಾರ್ಬನ್ ಸ್ಟಿಕ್ ತೆಗೆದು, ಬರಿಗಾಲಲ್ಲಿ ನಿಂತು ಗದ್ದಕ್ಕೆ ಹಿಡಿದು ಅಳೆಯುತ್ತಾನೆ. ಗರಗಸದಲ್ಲಿ ಮೇಲಿನ ತುದಿ ಕತ್ತರಿಸುತ್ತಾನೆ. ಆ ತುದಿಗೆ ಟೇಪನ್ನು ಹಗ್ಗದ ಥರ ಹೊಸೆದು ಸುತ್ತಿ, ಅದರ ಮೇಲೆ ಇನ್ನೊಂದು ಸುತ್ತು ಹಾಕಿ ಗುಬಟು ಮಾಡುತ್ತಾನೆ. ಕೈಗವಸು ಜಾರಬಾರದು. ಆಮೇಲೆ ಕೆಳಗಿನ ಅಲಗಿಗೆ ಕಪ್ಪು ಟೇಪು, ಹಿಮ್ಮಡಿಯಿಂದ ತುದಿಗೆ, ಒಂದರ ಮೇಲೊಂದು ಅರ್ಧ ಬರುವ ಹಾಗೆ. ಕೊನೆಗೆ ಮೇಣ ತಿಕ್ಕಿ ಹೆಬ್ಬೆರಳಲ್ಲಿ ಒತ್ತುತ್ತಾನೆ. ಮೂರು ಸ್ಟಿಕ್‌ಗೆ ಒಂದು ಗಂಟೆ. ಒಂದು ಮಾತಿಲ್ಲ. ಯಕ್ಷಗಾನದ ಚೌಕಿಯಲ್ಲಿ ಮುಖಕ್ಕೆ ಬಣ್ಣ ಬರೆದುಕೊಳ್ಳುವವರನ್ನು ಹತ್ತಿರದಿಂದ ನೋಡಿದವರಿಗೆ ಆ ಮೌನ ಗೊತ್ತಿರುತ್ತದೆ.

ಭಾಷೆ ಬರಲ್ಲ, ಹೇಗೆ ನಿಭಾಯಿಸ್ತಾರೆ?

ತಂಡದೊಳಗೆ ಇಂಗ್ಲಿಷ್ ನಡೆಯುತ್ತದೆ. ಕೋಚ್‌ಗಳಲ್ಲೂ ಕೆನಡಾ, ಫಿನ್ಲೆಂಡ್ ಕಡೆಯವರು ಜಾಸ್ತಿ. ತೊಂದರೆ ಶುರುವಾಗುವುದು ಟಪಾಲು ಡಬ್ಬಿಯಲ್ಲಿ. ಟಿವಿ ನೋಡಲಿ ಬಿಡಲಿ ಪ್ರತಿ ಮನೆ ತಿಂಗಳಿಗೆ 18.36 ಯೂರೋ ಪ್ರಸಾರ ಶುಲ್ಕ ಕಟ್ಟಬೇಕು ಅನ್ನುವ ಕಾಗದ ಬಂದಾಗ ಅವನಿಗೆ ಯಾರೋ ಮೋಸ ಮಾಡುತ್ತಿದ್ದಾರೆ ಅನಿಸಿತು. ಹಳದಿ ಚೀಲಕ್ಕೆ ಯಾವ ಕಸ, ಕಂದು ಡಬ್ಬಿಗೆ ಯಾವುದು ಅಂತ ನನ್ನ ಹೆಂಡತಿ ಫ್ರಿಜ್ ಮೇಲೆ ಚಿತ್ರ ಬರೆದು ಅಂಟಿಸಿಕೊಟ್ಟಳು.

ಹೆಂಡತಿ ಮಕ್ಕಳು ಜೊತೆಗೇ ಬರ್ತಾರಾ?

ಮಕ್ಕಳು ಸಣ್ಣವರಿದ್ದಾಗ ಬರುತ್ತಾರೆ. ಶಾಲೆ ಶುರುವಾದ ಮೇಲೆ ಜಗಳ ಶುರು. ಮೂರು ವರ್ಷದಲ್ಲಿ ಮೂರು ದೇಶ, ಮೂರು ಭಾಷೆ ಆದರೆ ಮಗು ಯಾವ ಶಾಲೆಗೆ ಸೇರಬೇಕು? ಹೆಂಡತಿಗೆ ಕೆಲಸ ಮಾಡುವ ಪರವಾನಗಿ ಸಿಗುವುದೂ ಎಲ್ಲ ಕಡೆ ಒಂದೇ ಥರ ಅಲ್ಲ. ಬಹಳಷ್ಟು ಜನರ ತಿರುಗಾಟ ನಿಲ್ಲುವುದು ಮೊಣಕಾಲಿನಿಂದಲ್ಲ, ಮೊದಲ ಮಗುವಿನ ಒಂದನೇ ಕ್ಲಾಸಿನಿಂದ.

ಅಲ್ಲಿನ ಜನ ಇವರನ್ನ ಹೇಗೆ ನೋಡ್ತಾರೆ?

ಗೆದ್ದರೆ ಕುಣಿಸುತ್ತಾರೆ, ನಿಜವಾಗಿಯೂ. ಪಂದ್ಯ ಮುಗಿದ ಮೇಲೆ ಡ್ರಮ್ಮು ಬಾರಿಸುತ್ತಾ ನಿಂತ ಅಭಿಮಾನಿಗಳ ಮುಂದೆ ಆಟಗಾರರು ಸಾಲಾಗಿ ಬಂದು ಕೂತು, ಅವರು ಹೇಳಿಕೊಟ್ಟ ಹಾಗೆ ಎದ್ದು ಹಾರಬೇಕು. ಬರದಿದ್ದರೆ ಬಿಡುವುದಿಲ್ಲ.

ಇನ್ನೊಂದು ಮಜಾ ಇದೆ. ಫಿನ್ಲೆಂಡಿನಲ್ಲಿ ತಂಡದಲ್ಲಿ ಅತಿ ಹೆಚ್ಚು ಪಾಯಿಂಟ್ (ಹೊಡೆದ ಗೋಲು, ಹೊಡೆಯಲು ನೆರವಾದ ಗೋಲು ಎರಡೂ ಸೇರಿ) ಗಳಿಸಿದವನು ಬಂಗಾರದ ಬಣ್ಣದ ಹೆಲ್ಮೆಟ್ ಹಾಕಿಕೊಳ್ಳಬೇಕು. ಸ್ವಿಟ್ಜರ್ಲೆಂಡಿನಲ್ಲಿ ಹಳದಿ ಹೆಲ್ಮೆಟ್, ಬೇರೆ ಜರ್ಸಿ. ಎದುರಾಳಿಗೆ ‘ಇವನನ್ನೇ ಗುದ್ದಿ’ ಅಂತ ಬೋರ್ಡ್ ಹಾಕಿದ ಹಾಗೆ. ಆ ಹೆಲ್ಮೆಟ್ ಎಷ್ಟೋ ಸಲ ಇಂಪೋರ್ಟಿನ ತಲೆ ಮೇಲೇ ಇರುತ್ತದೆ, ಅವನಿಗೆ ಸಂಬಳ ಕೊಡುವುದೇ ಅದಕ್ಕೆ ಅಲ್ವಾ?

## ಸ್ವಲ್ಪ ಒಳಗೆ ಇಳಿದವರಿಗೆ

ಯುರೋಪಿನ ರಿಂಕ್, ಅಂದ್ರೆ ಐಸಿನ ಅಂಗಳ, ದೊಡ್ಡದಂತೆ. ಅಷ್ಟು ವ್ಯತ್ಯಾಸ ಆಗುತ್ತಾ?

ಎನ್‌ಎಚ್‌ಎಲ್ ರಿಂಕಿನ ಅಗಲ 85 ಅಡಿ. ಯುರೋಪಿನ ಹಳೆಯ ಅಳತೆ 30 ಮೀಟರ್, ಅಂದರೆ 98 ಅಡಿಯ ಮೇಲೆ. ಉದ್ದ ಹೆಚ್ಚು ಕಡಿಮೆ ಒಂದೇ. ಹದಿಮೂರು ಅಡಿ ಅಗಲ ಹೆಚ್ಚಾದರೆ ಮೂಲೆಯಿಂದ ಗೋಲಿನ ದೂರ, ಕೋನ ಎಲ್ಲ ಬದಲಾಗುತ್ತದೆ. ಅಲ್ಲಿ ಮೈಮೇಲೆ ಬಿದ್ದು ಪಕ್ ಕಸಿಯುತ್ತಿದ್ದವನು ಇಲ್ಲಿ ಬೀಳಲು ಹೋದರೆ ಎದುರಾಳಿ ಆಗಲೇ ಪಕ್ಕಕ್ಕೆ ಸರಿದಿರುತ್ತಾನೆ. ಬಲವನ್ನೇ ನಂಬಿದ ಎಷ್ಟೋ ಜನ ಇಲ್ಲಿ ಮೊದಲ ಎರಡು ತಿಂಗಳಲ್ಲೇ ಸೋಲುತ್ತಾರೆ. ಸ್ಕೇಟಿಂಗ್ ಚೆನ್ನಾಗಿದ್ದು, ಅಲ್ಲಿ ‘ಸಣ್ಣಗಿದ್ದಾನೆ’ ಅಂತ ಕೈಬಿಟ್ಟವರು ಇಲ್ಲಿ ಅರಳುತ್ತಾರೆ.

ಒಮ್ಮೆ ಯುರೋಪಿಗೆ ಬಂದ್ರೆ ಎನ್‌ಎಚ್‌ಎಲ್ ಬಾಗಿಲು ಮುಚ್ಚಿದ ಹಾಗೇನಾ?

ಹೆಚ್ಚಿನವರಿಗೆ ಹೌದು. ಆದರೆ ಇಬ್ಬರ ಕಥೆ ಹೇಳಲೇಬೇಕು.

ಟಿಮ್ ಥಾಮಸ್ ಅಮೆರಿಕದ ಗೋಲ್‌ಕೀಪರ್. ಎನ್‌ಎಚ್‌ಎಲ್ ತಂಡಗಳು ಸರದಿಯಲ್ಲಿ ಹೊಸ ಹುಡುಗರನ್ನು ಆರಿಸಿಕೊಳ್ಳುವ 1994ರ ಡ್ರಾಫ್ಟ್‌ನಲ್ಲಿ 217ನೆಯವರಾಗಿ ಆಯ್ಕೆಯಾದರು. ಅಂದರೆ ಯಾರೂ ನಿರೀಕ್ಷೆ ಇಟ್ಟಿರಲಿಲ್ಲ. ಫಿನ್ಲೆಂಡಿನ ಎಚ್‌ಐಎಫ್‌ಕೆ ಜೊತೆ 1998ರಲ್ಲಿ ಚಾಂಪಿಯನ್ ಆದರು. ಸ್ವೀಡನ್ನಿನಲ್ಲಿ ಆಡಿದರು, ಅಮೆರಿಕದ ಕೆಳಗಿನ ಲೀಗುಗಳಲ್ಲಿ ಆಡಿದರು, ಮತ್ತೆ ಫಿನ್ಲೆಂಡ್. ಎನ್‌ಎಚ್‌ಎಲ್‌ನ ಬಾಸ್ಟನ್ ತಂಡದಲ್ಲಿ ಜಾಗ ಗಟ್ಟಿಯಾಗುವಾಗ ವಯಸ್ಸು 31. 2011ರಲ್ಲಿ ಎನ್‌ಎಚ್‌ಎಲ್ ಚಾಂಪಿಯನ್ನರಿಗೆ ಕೊಡುವ ಸ್ಟಾನ್ಲಿ ಕಪ್ ಫೈನಲ್‌ನ ಏಳನೇ ಪಂದ್ಯ, ವ್ಯಾಂಕೂವರ್‌ನಲ್ಲಿ. ಒಂದೂ ಗೋಲು ಬಿಡಲಿಲ್ಲ, ಬಾಸ್ಟನ್ 4-0 ಗೆದ್ದಿತು. ಪ್ಲೇಆಫ್‌ನ ಶ್ರೇಷ್ಠ ಆಟಗಾರ ಪ್ರಶಸ್ತಿ ಅವರಿಗೇ ಬಂತು.

ಇನ್ನೊಬ್ಬರು ಟೊರಾಂಟೊದ ಗ್ಲೆನ್ ಮೆಟ್ರೊಪೊಲಿಟ್. ರೀಜೆಂಟ್ ಪಾರ್ಕ್ ಅನ್ನುವ ಬಡವರ ಬಡಾವಣೆಯಲ್ಲಿ ಬೆಳೆದವರು. ಯಾವ ತಂಡವೂ ಡ್ರಾಫ್ಟ್ ಮಾಡಲಿಲ್ಲ. ಇಸಿಎಚ್‌ಎಲ್‌ನಿಂದ ಶುರು ಮಾಡಿ ಎನ್‌ಎಚ್‌ಎಲ್‌ನ ವಾಷಿಂಗ್ಟನ್ ತಂಡದ ತನಕ ಹತ್ತಿದರು, ಇಳಿದರು, ಫಿನ್ಲೆಂಡಿಗೆ ಹೋದರು, ಸ್ವಿಟ್ಜರ್ಲೆಂಡಿನ ಲುಗಾನೊ ಜೊತೆ 2006ರಲ್ಲಿ ಪ್ರಶಸ್ತಿ ಗೆದ್ದರು. ಅಲ್ಲಿಂದ ಮತ್ತೆ ಎನ್‌ಎಚ್‌ಎಲ್! ಒಟ್ಟು 407 ಎನ್‌ಎಚ್‌ಎಲ್ ಪಂದ್ಯ, ಏಳು ತಂಡ. ಆಮೇಲೆ ಪುನಃ ಯುರೋಪ್. 2015ರಲ್ಲಿ, 40ನೇ ವಯಸ್ಸಿನಲ್ಲಿ, ಮ್ಯಾನ್‌ಹೈಮ್ ಜೊತೆ ಜರ್ಮನಿಯ ಚಾಂಪಿಯನ್. ನನಗೆ ಥಾಮಸ್‌ಗಿಂತ ಇವರೇ ಇಷ್ಟ. ಥಾಮಸ್ ಕಥೆಯಲ್ಲಿ ಪವಾಡ ಇದೆ. ಇವರ ಕಥೆ ಪೂರ್ತಿ ದುಡಿಮೆ.

ತಿರುಗಾಟ ಎನ್‌ಎಚ್‌ಎಲ್ ಒಳಗೂ ಉಂಟು. ಮೈಕ್ ಸಿಲಿಂಜರ್ ಅನ್ನುವವರು 12 ಎನ್‌ಎಚ್‌ಎಲ್ ತಂಡಗಳಿಗೆ ಆಡಿದ್ದಾರೆ. ಅದೊಂದು ದಾಖಲೆ.

ಪಾಸ್‌ಪೋರ್ಟ್ ಬದಲಿಸಿ ಬೇರೆ ದೇಶಕ್ಕೆ ಆಡ್ತಾರಂತೆ, ನಿಜವಾ?

ನಿಜ. 2018ರ ಒಲಿಂಪಿಕ್ಸ್ ಪ್ಯೊಂಗ್‌ಚಾಂಗ್‌ನಲ್ಲಿ. ಆತಿಥೇಯ ದಕ್ಷಿಣ ಕೊರಿಯಾಗೆ ತಂಡ ಬೇಕಿತ್ತು. ಏಷ್ಯಾ ಲೀಗಿನಲ್ಲಿ ವರ್ಷಗಟ್ಟಲೆ ಆಡಿಕೊಂಡಿದ್ದ ವಿದೇಶಿಯರಿಗೆ ಪೌರತ್ವ ಕೊಟ್ಟರು. 2013ರಲ್ಲಿ ಬ್ರಾಕ್ ರಾಡನ್ಸ್ಕಿಯಿಂದ ಶುರು. ಕೊನೆಗೆ ಗಂಡಸರ ತಂಡದಲ್ಲಿ ಅಂಥವರು ಏಳು ಜನ, ಆರು ಜನ ಕೆನಡಾದವರು, ಒಬ್ಬ ಅಮೆರಿಕದವನು. ಗೋಲ್‌ಕೀಪರ್ ಮ್ಯಾಟ್ ಡಾಲ್ಟನ್ ಕೆನಡಾದ ಒಂಟಾರಿಯೊದವರು. ಆ ತಂಡ ಕೆನಡಾ ಎದುರೇ ಆಡಿ 4-0 ಸೋತಿತು.

ಕಜಕಿಸ್ತಾನ ಕೂಡ ಹೀಗೇ ಮಾಡಿತು. ವಿನಿಪೆಗ್‌ನ ನೈಜೆಲ್ ಡಾಸ್ ಐದು ಎನ್‌ಎಚ್‌ಎಲ್ ತಂಡ ಸುತ್ತಿ 2011ರಲ್ಲಿ ಅಸ್ತಾನಾದ ಬಾರಿಸ್ ಕ್ಲಬ್ ಸೇರಿದರು. ಅಲ್ಲಿ ಗೋಲಿನ ಮೇಲೆ ಗೋಲು, ಆಮೇಲೆ ಕಜಕ್ ಪಾಸ್‌ಪೋರ್ಟ್. ಕಾಗದ ಸಿಕ್ಕಿದ ಮರುದಿನವೇ ಆಡುವ ಹಾಗಿಲ್ಲ. ಹಿಂದೆ ಯಾವ ದೇಶಕ್ಕೂ ಆಡಿರದಿದ್ದರೂ ಹೊಸ ದೇಶದ ಲೀಗಿನಲ್ಲಿ ಎರಡು ಸೀಸನ್ ಕಳೆದಿರಬೇಕು. ಮೊದಲೇ ಬೇರೆ ದೇಶಕ್ಕೆ ಆಡಿದ್ದರೆ ನಾಲ್ಕು ವರ್ಷ.

ಇವರಿಗೆ ದೊಡ್ಡ ವೇದಿಕೆ ಸಿಗೋದೇ ಇಲ್ವಾ?

ಎರಡು ಇವೆ. ಒಂದು ಸ್ಪೆಂಗ್ಲರ್ ಕಪ್. ಸ್ವಿಟ್ಜರ್ಲೆಂಡಿನ ದಾವೋಸ್‌ನಲ್ಲಿ 1923ರಿಂದ ನಡೆಯುವ ಟೂರ್ನಿ, ಕ್ರಿಸ್‌ಮಸ್ ಮರುದಿನದಿಂದ ಡಿಸೆಂಬರ್ 31ರ ತನಕ. 1984ರಿಂದ ಅಲ್ಲಿಗೆ ಬರುವ ‘ಟೀಮ್ ಕೆನಡಾ’ದಲ್ಲಿ ಹೆಚ್ಚಿನವರು ಯುರೋಪಿನ ಕ್ಲಬ್‌ಗಳಲ್ಲಿ ದುಡಿಯುವ ಕೆನಡಾದವರು. ಎದೆ ಮೇಲೆ ಕೆನಡಾದ ಗುರುತಾದ ಮೇಪಲ್ ಎಲೆ ಹಾಕುವ ಅವಕಾಶ ಎಷ್ಟೋ ಜನರಿಗೆ ಜೀವನದಲ್ಲಿ ಅದೊಂದೇ.

ಇನ್ನೊಂದು ಅದೇ 2018ರ ಒಲಿಂಪಿಕ್ಸ್. ಎನ್‌ಎಚ್‌ಎಲ್ ತನ್ನ ಆಟಗಾರರನ್ನು ಕಳಿಸಲಿಲ್ಲ. ಕೆನಡಾ ಯುರೋಪಿನಲ್ಲಿದ್ದವರನ್ನು ಹುಡುಕಿ ತಂಡ ಕಟ್ಟಿತು. ಅದರಲ್ಲಿ ವೊಯ್ಟೆಕ್ ವೊಲ್ಸ್ಕಿ ಇದ್ದರು. 2016ರ ಅಕ್ಟೋಬರ್‌ನಲ್ಲಿ ಕೆಎಚ್‌ಎಲ್ ಪಂದ್ಯದಲ್ಲಿ ತಲೆ ಬೋರ್ಡಿಗೆ ಬಡಿದು ಕುತ್ತಿಗೆಯ ಮೂಳೆ ಮುರಿದಿತ್ತು. ಹದಿನಾರು ತಿಂಗಳಲ್ಲಿ ಒಲಿಂಪಿಕ್ಸ್ ಆಡಿದರು. ಸೆಮಿಫೈನಲ್‌ನಲ್ಲಿ ಜರ್ಮನಿ ಎದುರು 4-3 ಸೋತ ಕೆನಡಾ, ಜೆಕ್ ತಂಡವನ್ನು 6-4 ಸೋಲಿಸಿ ಕಂಚು ತಂದಿತು. ಸೆಮಿಫೈನಲ್ ಗೆದ್ದ ರಾತ್ರಿ ಜರ್ಮನಿಯಲ್ಲಿ ಹಬ್ಬ.

ಪ್ರಾಣಕ್ಕೆ ಅಪಾಯ ಇದೆಯಾ?

ಇದೆ. 2011ರ ಸೆಪ್ಟೆಂಬರ್ 7ರಂದು ರಷ್ಯಾದ ಯಾರೊಸ್ಲಾವ್ಲ್‌ನಲ್ಲಿ ಲೊಕೊಮೊಟಿವ್ ತಂಡದ ವಿಮಾನ ಏರುವಾಗಲೇ ಬಿದ್ದು 44 ಜನ ತೀರಿಕೊಂಡರು. ಸೀಸನ್‌ನ ಮೊದಲ ಪಂದ್ಯಕ್ಕೆ ಮಿನ್ಸ್ಕ್‌ಗೆ ಹೊರಟಿದ್ದರು. ಸತ್ತವರಲ್ಲಿ ಸ್ಲೊವಾಕಿಯಾದ ಪಾವೊಲ್ ಡೆಮಿತ್ರಾ, ಸ್ವೀಡನ್ನಿನ ಗೋಲ್‌ಕೀಪರ್ ಸ್ಟೀಫನ್ ಲಿವ್, ಕೆನಡಾದ ಕೋಚ್ ಬ್ರಾಡ್ ಮೆಕ್‌ಕ್ರಿಮನ್, ಹೀಗೆ ದುಡಿಮೆಗೆ ಬಂದ ಪರದೇಶದವರು ಎಷ್ಟೋ ಜನ.

2023ರ ಅಕ್ಟೋಬರ್ 28ರಂದು ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಪಂದ್ಯದ ನಡುವೆ ಸ್ಕೇಟಿನ ಅಲಗು ಕುತ್ತಿಗೆಗೆ ತಾಗಿ ಆಡಮ್ ಜಾನ್ಸನ್ ತೀರಿಕೊಂಡರು. ಅಮೆರಿಕದ ಮಿನೆಸೋಟದ ಹಿಬ್ಬಿಂಗ್ ಊರಿನವರು, ವಯಸ್ಸು 29. ಪಿಟ್ಸ್‌ಬರ್ಗ್ ಪರ 13 ಎನ್‌ಎಚ್‌ಎಲ್ ಪಂದ್ಯ, ಆಮೇಲೆ ಸ್ವೀಡನ್ನಿನ ಮಾಲ್ಮೊ, ಜರ್ಮನಿಯ ಆಗ್ಸ್‌ಬರ್ಗ್, ಕೊನೆಗೆ ನಾಟಿಂಗ್‌ಹ್ಯಾಮ್. ಈ ಪುಟದಲ್ಲಿ ಬರೆದಿರುವ ಬದುಕು ಅವರದ್ದೇ. ಅದಾದ ಮೇಲೆ ಅಂತರರಾಷ್ಟ್ರೀಯ ಫೆಡರೇಷನ್ ತನ್ನ ಟೂರ್ನಿಗಳಲ್ಲಿ ಕುತ್ತಿಗೆ ರಕ್ಷೆ ಕಡ್ಡಾಯ ಮಾಡಿತು. ನಮ್ಮ ಮೇಲಿನ ಮನೆಯವನು ಆ ಸೋಮವಾರವೇ ಅಂಗಡಿಗೆ ಹೋಗಿ ಒಂದು ಕೊಂಡ. ಅದಕ್ಕೆ ಮೊದಲು ‘ಕೆರೆಯುತ್ತೆ’ ಅಂತ ಹಾಕಿಕೊಳ್ಳುತ್ತಿರಲಿಲ್ಲ.

ಸಣ್ಣ ಪುಟ್ಟ ಗಾಯಕ್ಕೆ ಜರ್ಮನಿ ಒಳ್ಳೆಯ ಜಾಗ. ಆಟಗಾರನೂ ಇಲ್ಲಿ ನೌಕರನೇ. ಆರು ವಾರ ಕ್ಲಬ್ ಸಂಬಳ ಕೊಡುತ್ತದೆ, ಆಮೇಲೆ ಅಪಘಾತ ವಿಮೆಯವರು ನೋಡಿಕೊಳ್ಳುತ್ತಾರೆ.

ಹೆಂಗಸರಿಗೂ ಹೀಗೆ ತಿರುಗಾಟ ಉಂಟಾ?

ಉಂಟು, ಇನ್ನೂ ಕಷ್ಟದ್ದು. ಕೆನಡಾದ ಮಹಿಳಾ ಲೀಗ್ 2019ರಲ್ಲಿ ಮುಚ್ಚಿತು. ಎಷ್ಟೋ ಜನ ಸ್ವೀಡನ್ನಿನ ಲೀಗಿಗೆ ಹೋದರು. 2024ರ ಜನವರಿಯಲ್ಲಿ ಅಮೆರಿಕ, ಕೆನಡಾದ ಹೊಸ ಮಹಿಳಾ ಲೀಗ್ ಪಿಡಬ್ಲ್ಯುಎಚ್‌ಎಲ್ ಆರು ತಂಡಗಳೊಂದಿಗೆ ಶುರುವಾದ ಮೇಲೆ ಮನೆ ಹತ್ತಿರ ಸಂಬಳದ ಆಟ ಸಿಕ್ಕಿದೆ.

ನಮ್ಮವರು ಯಾರೂ ಇಲ್ವಾ ಇದರಲ್ಲಿ?

ಕನ್ನಡದವರ ಹೆಸರು ನನ್ನ ಕಿವಿಗೆ ಬಿದ್ದಿಲ್ಲ. ಭಾರತೀಯ ಮೂಲದವರಲ್ಲಿ ಎನ್‌ಎಚ್‌ಎಲ್ ಆಡಿದ ಮೊದಲಿಗರು ರಾಬಿನ್ ಬಾವಾ, ಕೆನಡಾದ ಪಂಜಾಬಿ ಮನೆತನದವರು. 1989ರಲ್ಲಿ ವಾಷಿಂಗ್ಟನ್ ಪರ ಇಳಿದರು. ನಾಲ್ಕು ತಂಡ ಸೇರಿ 61 ಪಂದ್ಯ, ಉಳಿದ ವರ್ಷಗಳೆಲ್ಲ ಕೆಳಗಿನ ಲೀಗುಗಳಲ್ಲಿ. ಅವರೂ ತಿರುಗಾಟದವರೇ. ಭಾರತದಲ್ಲಿ ಈ ಆಟದ ಜೀವ ಇರುವುದು ಲಡಾಖ್‌ನಲ್ಲಿ. 2025ರಲ್ಲಿ ಅಲ್ಲಿನ ಹುಡುಗಿಯರೇ ಹೆಚ್ಚಿದ್ದ ತಂಡ ಮಹಿಳಾ ಏಷ್ಯಾ ಕಪ್‌ನಲ್ಲಿ ಕಂಚು ಗೆದ್ದಿತು.

ಎಷ್ಟು ವಯಸ್ಸಿನ ತನಕ ಆಡಬಹುದು? ಆಮೇಲೇನು?

ಹೆಚ್ಚಿನವರು 33-35ಕ್ಕೆ ನಿಲ್ಲಿಸುತ್ತಾರೆ. ಬುದ್ಧಿವಂತರು ಮೊದಲೇ ದಾರಿ ಮಾಡಿಕೊಳ್ಳುತ್ತಾರೆ. ಬ್ರಿಟನ್ನಿನ ಕೆಲವು ಕ್ಲಬ್‌ಗಳು ಸಂಬಳದ ಜೊತೆ ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಮಾಸ್ಟರ್ಸ್ ಓದುವ ಅವಕಾಶವನ್ನೂ ಸೇರಿಸುತ್ತವೆ. ಕೊನೆಯ ಎರಡು ವರ್ಷ ಅಲ್ಲಿ ಕಳೆದು ಎಂಬಿಎ ಹಿಡಿದು ಮನೆಗೆ ಹೋಗುವವರಿದ್ದಾರೆ. ಕೆಲವರು ಕೋಚ್ ಆಗುತ್ತಾರೆ, ಕೆಲವರು ಏಜೆಂಟ್. ಕೆಲವರು ಅಗ್ನಿಶಾಮಕ ದಳ ಸೇರುತ್ತಾರೆ. ಗುಂಪಿನಲ್ಲಿ ಇದ್ದು ಅಭ್ಯಾಸ ಆಗಿರುತ್ತದೆ ನೋಡಿ.

ನಿಮ್ಮ ಮೇಲಿನ ಮನೆಯವನು ಈಗ ಎಲ್ಲಿದ್ದಾನೆ?

ಎರಡನೇ ಚಳಿಗಾಲ ಮುಗಿದ ಏಪ್ರಿಲ್‌ನಲ್ಲಿ ಕ್ಲಬ್ಬಿನವರು ಹೊಸ ಕಾಂಟ್ರಾಕ್ಟ್ ಕೊಡಲಿಲ್ಲ. ಗೋಲು ಕಡಿಮೆಯಾಗಿತ್ತು, ಮಣಿಕಟ್ಟಿನ ವಿಷಯ ಅವನು ಹೇಳಿಕೊಳ್ಳಲಿಲ್ಲ. ಆಗಸ್ಟ್ ತನಕ ಕಾದ. ಆಮೇಲೆ ಇಟಲಿಯ ಉತ್ತರದ ಒಂದು ಊರಿನಿಂದ ಫೋನ್ ಬಂತಂತೆ, ಈಗ ಅಲ್ಲಿದ್ದಾನೆ. ಹೋಗುವಾಗ ನಮ್ಮ ಬಾಗಿಲ ಬಳಿ ಅರ್ಧ ಸುರುಳಿ ಕಪ್ಪು ಟೇಪು ಬಿಟ್ಟು ಹೋದ, ನಮ್ಮ ಪೊರಕೆಯ ಹಿಡಿಕೆ ಸಡಿಲ ಆಗಿತ್ತು ಅಂತ.

ಮೇಲಿನ ಮನೆಗೆ ಫಿನ್ಲೆಂಡಿನ ಹುಡುಗ ಬಂದಿದ್ದಾನೆ. ಅದೇ ಕಾರು, ಅದೇ ಕಿಟಕಿ ಕಂಪನಿ. ಬಾಗಿಲ ಮೇಲೆ ಹೊಸ ಹೆಸರಿನ ಸ್ಟಿಕರ್ ಅಂಟಿಸಿದ್ದಾರೆ, ಕೆಳಗಿಂದ ಹಳೆಯದರ ಎರಡು ಅಕ್ಷರ ಇನ್ನೂ ಇಣುಕುತ್ತಿದೆ.